ಲಿಫ್ಟಿನ ಅಜ್ಜಿಯ ಉಸಿರು

ದೆವ್ವ ಉಸಿರಾಡುತ್ತದೋ ಇಲ್ಲವೋ ಎಂದು ಸಂಬಳ ತೆಗೆದುಕೊಂಡು ಜಗಳವಾಡಿದವರಲ್ಲಿ ನಾನೂ ಒಬ್ಬಳು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನನ್ನ ಕೆಲಸ ಡಬ್ಬಿಂಗಿಗೆ ಸಂಭಾಷಣೆ ಬರೆಯುವುದು. ಪರದೇಶದ ಬೊಂಬೆಗಳು ಪರದೆಯ ಮೇಲೆ ಎಷ್ಟು ಹೊತ್ತು ಬಾಯಿ ಆಡಿಸುತ್ತವೋ ಅಷ್ಟೇ ಹೊತ್ತಿಗೆ ಮುಗಿಯುವ ಮಾತನ್ನು ನಮ್ಮ ಭಾಷೆಯಲ್ಲಿ ಹುಡುಕಿ ಕೊಡಬೇಕು. ಅರ್ಥ ಸರಿಯಾಗಿದ್ದರೆ ಬಾಯಿ ಕೂಡುವುದಿಲ್ಲ, ನಮ್ಮವರ ಮಾತಿನಲ್ಲಿ 'ಸಿಂಕ್' ಆಗುವುದಿಲ್ಲ; ಬಾಯಿ ಕೂಡಿದರೆ ಅರ್ಥ ದಿಕ್ಕಾಪಾಲು. ಇದೇ ಕೆಲಸ ಮಾಡಿ ಮಾಡಿ, ಮನೆಯಲ್ಲಿ ಯಾರು ಮಾತಾಡಿದರೂ ಅವರ ತುಟಿಯನ್ನೇ ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ನನ್ನ ಗಂಡ ನನ್ನೆದುರು ಕೂತು ಮಾತಾಡುವುದನ್ನೇ ಬಿಟ್ಟಿದ್ದಾನೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ಆಗ ನಮ್ಮ ಕೈಯಲ್ಲಿದ್ದದ್ದು ಹನ್ನೆರಡು ಕಂತಿನ ಒಂದು ಅನಿಮೆ, ಅಂದರೆ ಜಪಾನಿ ಕಾರ್ಟೂನು ಸರಣಿ. ಒಂದು ಹಳೆಯ ವಸತಿ ಕಟ್ಟಡ, ಅದರ ಲಿಫ್ಟಿನೊಳಗೆ ಒಬ್ಬಳು ಅಜ್ಜಿ ದೆವ್ವ. ಅಲ್ಲಿ ವಾಸಿಸುವವರ ಸಣ್ಣಪುಟ್ಟ ರಹಸ್ಯಗಳನ್ನು ಪತ್ತೆ ಮಾಡುವುದು ಈಕೆಯ ಉದ್ಯೋಗ. ಕಳೆದುಹೋದ ಒಂಟಿ ಚಪ್ಪಲಿ, ತಾನಾಗಿಯೇ ಹಾಡುವ ಫ್ರಿಜ್ಜು, ಎರಡನೇ ಮಹಡಿಯವರ ಬೆಕ್ಕಿಗೆ ಕದ್ದು ಊಟ ಹಾಕುವ ಪುಣ್ಯಾತ್ಮ, ಇಂಥವು. ಸಹಾಯಕ್ಕೆ ಒಬ್ಬ ಪುಕ್ಕಲು ವಾಚ್‌ಮನ್. ಊರವರ ಗುಟ್ಟನ್ನೆಲ್ಲ ಬಿಡಿಸುವ ಅಜ್ಜಿಗೆ ತಾನು ಹೇಗೆ ಸತ್ತೆ ಎಂಬುದು ಮಾತ್ರ ನೆನಪಿಲ್ಲ. ಅದು ಕೊನೆಯ ಕಂತಿನಲ್ಲಿ ಗೊತ್ತಾಗುತ್ತದೆ. ಪ್ರತಿ ಕಂತಿನಲ್ಲೂ ಆಕೆ ವಾಚ್‌ಮನ್‌ಗೆ ಒಂದು ಮಾತು ಹೇಳುತ್ತಾಳೆ: "ಮೊದ್ಲು ಬದುಕಿರೋರನ್ನ ವಿಚಾರ್ಸು. ಸತ್ತೋರು ಎಲ್ಲೂ ಓಡಿ ಹೋಗಲ್ಲ." ಇದನ್ನು ಬರೆದದ್ದು ನಾನೇ. ಮೂಲದಲ್ಲಿ ಏನಿತ್ತೋ ಈಗ ಮರೆತಿದೆ.

ನಮ್ಮ ಸ್ಟುಡಿಯೊ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿದೆ. ಗಾಜಿನ ಈಚೆ ಯಂತ್ರಗಳು, ಸ್ಪ್ರಿಂಗು ಕಿತ್ತ ಸೋಫಾ, ನಾವು. ಆಚೆ ಗೋಡೆಗೆಲ್ಲ ಸ್ಪಂಜು ಮೆತ್ತಿದ ಪುಟ್ಟ ಕೋಣೆ, ಒಂದು ಮೈಕು, ಒಂದು ಪರದೆ, ಒಬ್ಬರೇ ಕಲಾವಿದರು. ಡಬ್ಬಿಂಗಿನಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಬಂದು ತಮ್ಮ ಪಾಲಿನ ಮಾತು ಆಡಿ ಹೋಗುತ್ತಾರೆ. ಪರದೆಯ ಮೇಲೆ ತಬ್ಬಿಕೊಂಡು ಅಳುವ ಅಣ್ಣ ತಂಗಿ ನಮ್ಮಲ್ಲಿ ಒಬ್ಬರ ಮುಖ ಒಬ್ಬರು ನೋಡಿಯೇ ಇರುವುದಿಲ್ಲ.

ನಮ್ಮ ನಿರ್ದೇಶಕರನ್ನು ಎಲ್ಲರೂ ಬೆನ್ನ ಹಿಂದೆ 'ಯಾಕೆ ಸರ್' ಎನ್ನುತ್ತೇವೆ. ಯಾವ ಮಾತಿಗೂ ಅವರ ಮೊದಲ ಉತ್ತರ "ಯಾಕೆ?" ಬೆಕ್ಕು ಮಾತಾಡಿದರೆ ಯಾಕೆ, ಫ್ರಿಜ್ಜು ಹಾಡಿದರೆ ಯಾಕೆ. ಇಂಥವರ ಕೈಗೆ ದೆವ್ವದ ಕಥೆ ಕೊಟ್ಟ ಪುಣ್ಯಾತ್ಮರು ಯಾರೋ. ಯಂತ್ರದ ಮುಂದೆ ಕೂರುವ ಎಂಜಿನಿಯರ್ ಹೆಸರು 'ಕತ್ತರಿ'. ಬೇಡದ್ದನ್ನು ಕತ್ತರಿಸುವುದು ಅವನ ಕೆಲಸ. ತನ್ನ ಮಾತನ್ನೂ ಕತ್ತರಿಸಿ ಕತ್ತರಿಸಿಯೇ ಆಡುತ್ತಾನೆ.

ಲಿಫ್ಟಿನ ಅಜ್ಜಿಗೆ ದನಿ ಕೊಟ್ಟವರು ದೊಡ್ಡಮ್ಮ. ಯಾರಿಗೆ ದೊಡ್ಡಮ್ಮ ಎಂದರೆ, ಬಂದವರಿಗೆಲ್ಲ. ಜೀವನಪೂರ್ತಿ ಅವರ ಗಂಟಲು ಅನಾಮಧೇಯವಾಗಿ ದುಡಿದಿತ್ತು. ಬಸ್ ನಿಲ್ದಾಣದಲ್ಲಿ 'ಪ್ರಯಾಣಿಕರ ಗಮನಕ್ಕೆ' ಎಂದದ್ದು ಅವರು, ಹೊಟ್ಟೆ ಒತ್ತಿದರೆ ನಗುವ ಗೊಂಬೆಯೊಳಗೆ ನಕ್ಕದ್ದು ಅವರು. ಆಮೇಲೆ ಯಂತ್ರದ ದನಿಗಳು ಬಂದು ಒಂದೊಂದೇ ಕಡೆಯಿಂದ ಅವರನ್ನು ಎಬ್ಬಿಸಿ ಕಳಿಸಿದವು. ಅಷ್ಟು ವಯಸ್ಸಾದ ಮೇಲೆ ಮೊದಲ ಸಲ ಒಂದು ಮುಖ್ಯ ಪಾತ್ರ, ಕೊನೆಯಲ್ಲಿ ಪರದೆಯ ಮೇಲೆ ಹೆಸರು. ಅವರ ಖುಷಿ ನೋಡಿ ನನಗೂ ಹೊಟ್ಟೆ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ದಿನವೇ ಯಾಕೆ ಸರ್ ತಗಾದೆ ತೆಗೆದರು. "ಪ್ರತಿ ಮಾತಿಗೂ ಮುಂಚೆ ಉಸಿರು ಕೇಳ್ತಿದೆ. ಅಜ್ಜಿ ಸತ್ತಿದಾಳೆ ತಾನೇ? ಸತ್ತವರು ಯಾಕೆ ಉಸಿರು ತಗೋತಾರೆ?"

"ಹಾಗಿದ್ರೆ ಮಾತ್ಯಾಕಪ್ಪ ಆಡ್ತಾರೆ?" ಎಂದರು ದೊಡ್ಡಮ್ಮ.

"ಅದು ಕಥೆ. ಇದು ಲಾಜಿಕ್ಕು."

"ಉಸಿರು ತಗೊಳ್ದೆ ನಗೋಕಾಗಲ್ಲ ಕಣಪ್ಪ. ಬೇಕಿದ್ರೆ ನೀನೇ ನಕ್ಕು ತೋರ್ಸು."

ಯಾಕೆ ಸರ್ ನಗುವ ಪೈಕಿಯವರಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ದೊಡ್ಡಮ್ಮ ತಮಗೆ ಬೇಕಾದಷ್ಟು ಉಸಿರು ತೆಗೆದುಕೊಳ್ಳುವುದು, ಆಮೇಲೆ ಅದನ್ನೆಲ್ಲ ಕತ್ತರಿ ತೆಗೆದು ಹಾಕುವುದು. ದೊಡ್ಡಮ್ಮ ಗಾಜಿನಾಚೆಯಿಂದಲೇ ಕೈ ಬೀಸಿ, "ಕತ್ತರಿಸ್ಕೊಳ್ಳಿ, ನನಗೇನು. ಕತ್ತರಿಸಿದ್ದು ಎಲ್ಲಿಗೆ ಹೋಗತ್ತೆ ನೋಡೋಣ" ಎಂದು ನಕ್ಕರು. ಆ ನಗುವಿನ ಹಿಂದಿನ ಉಸಿರನ್ನೂ ಕತ್ತರಿ ಅಂದೇ ಸಂಜೆ ಕತ್ತರಿಸಿದ.

ಒಂಬತ್ತು ಕಂತು ಮುಗಿಯಿತು. ಆ ವಾರದ ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಮನೆಯಲ್ಲಿ ಪತ್ರಿಕೆ ಓದುತ್ತ ಕೂತಲ್ಲೇ ಹೋಗಿಬಿಟ್ಟರು. ಯಾರಿಗೂ ಒಂದು ಲೋಟ ನೀರು ತರುವ ತೊಂದರೆಯನ್ನೂ ಕೊಡಲಿಲ್ಲ. ನಾವೆಲ್ಲ ಹೋಗಿ ಬಂದೆವು, ಸ್ಟುಡಿಯೊ ಒಂದೆರಡು ದಿನ ಮುಚ್ಚಿತ್ತು, ಆಮೇಲೆ ಸರಣಿಯನ್ನು ಪ್ರಸಾರ ಮಾಡಲಿದ್ದ ಚಾನೆಲ್ಲಿನ ಮೇಡಂ ಫೋನ್ ಬಂತು.

ಮೇಡಂ ಕೆಟ್ಟವರಲ್ಲ, ಕಿವಿ ಮಾತ್ರ ವಿಪರೀತ ಚುರುಕು. ಅವರು ಹೇಳಿದ್ದಿಷ್ಟು: ಉಳಿದ ಮೂರು ಕಂತಿಗೆ ಹಳೆಯ ದನಿಗೆ ಕೂಡುವ ದನಿ ಸಿಕ್ಕರೆ ಸರಿ, ಮಧ್ಯದಲ್ಲಿ ಅಜ್ಜಿ ಬದಲಾದ ಹಾಗೆ ಕೇಳಿಸಿದರೆ ಹನ್ನೆರಡೂ ಕಂತನ್ನು ಬೇರೆಯವರಿಂದ ಮೊದಲಿನಿಂದ ಮಾಡಿಸುತ್ತೇವೆ. ಅಂದರೆ ದೊಡ್ಡಮ್ಮನ ಒಂಬತ್ತು ಕಂತನ್ನು ಅಳಿಸಿ ಹಾಕುವುದು. ಇನ್ನೂ ಪ್ರಸಾರವಾಗಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ, ಕಾನೂನಿನಲ್ಲಿ ತಪ್ಪೇನೂ ಇಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ದೊಡ್ಡಮ್ಮನ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಇವಳೂ ನಮ್ಮವಳೇ. ಇವಳನ್ನು 'ಗುಂಪು' ಎಂದು ಕರೆಯುತ್ತೇವೆ. ಸಂತೆಯ ಗದ್ದಲ, ಬಸ್ಸಿನೊಳಗಿನ ಗುಸುಗುಸು, ಬೆಂಕಿ ಬಿದ್ದಾಗ ಓಡುವವರ ಕೂಗು, ಎಲ್ಲ ಇವಳೇ. ಎಷ್ಟೋ ವರ್ಷದಿಂದ ಇವಳು ಒಂದು ಜನಸಂದಣಿ. ಒಂಟಿಯಾಗಿ ಒಂದು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಕೇಳಿರಲಿಲ್ಲ.

"ರೈಟರಕ್ಕ, ಅಜ್ಜಿ ಪಾರ್ಟು ನಾನು ಮಾಡ್ತೀನಿ" ಎಂದಳು. "ಅಮ್ಮನ ದನಿ ಇರೋದು ಇದ್ರಲ್ಲಿ ಮಾತ್ರ. ಬಸ್ ಸ್ಟ್ಯಾಂಡಿಂದ ತೆಗೆದ್ರು, ಗೊಂಬೆ ನಿಂತೇ ಹೋಯ್ತು, ನನ್ನ ಫೋನಲ್ಲಿ 'ಎಲ್ಲಿದೀಯ, ಮೊಸರು ತಗೊಂಡ್ ಬಾ' ಅನ್ನೋ ಮೆಸೇಜೂ ನಾನೇ ಅಳಿಸಿಬಿಟ್ಟಿದೀನಿ. ಇದನ್ನೂ ಅಳಿಸಿದ್ರೆ ನಾನು ಏನು ಕೇಳ್ಕೊಂಡು ಇರ್ಲಿ?"

ಬೈಯಲು ಯಾರೂ ಸಿಗದೆ ಬೀಗವನ್ನು ಬೈದುಕೊಂಡು ಬಾಗಿಲು ತೆಗೆದೆ.

ಯಾಕೆ ಸರ್ ಒಪ್ಪಿದರು, ಆದರೆ ಅವರ ಕಾನೂನು ಕಾನೂನೇ. "ಉಸಿರು ಕೇಳಬಾರ್ದು. ನೀನು ಅಮ್ಮನ ಹಾಗೆ ತಗೊಂಡು ಆಮೇಲೆ ಕತ್ತರಿಸೋ ರಗಳೆ ಬೇಡ, ಮೊದ್ಲೇ ತಡ್ಕೊಂಡು ಮಾತಾಡು." ಪಾಪ, ಗುಂಪು ತಡೆದುಕೊಂಡಳು. ಕೆನ್ನೆ ಉಬ್ಬಿಸಿ, ಕಣ್ಣು ಅಗಲಿಸಿ, ನೀರಿನಲ್ಲಿ ಮುಳುಗಿದವಳ ಹಾಗೆ ಹತ್ತನೇ ಕಂತಿನ ಮೊದಲ ದೃಶ್ಯದ ಮಾತುಗಳನ್ನು ಆಡಿ ಮುಗಿಸಿದಳು. ದನಿ ಅಮ್ಮನದೇ, ಗಡಸೂ ಅದೇ. ಆದರೂ ಏನೋ ಸತ್ತಿತ್ತು. ದೆವ್ವಕ್ಕೆ ಅದು ಸರಿಯಲ್ಲವೇ ಎಂದರು ಯಾಕೆ ಸರ್.

ಕತ್ತರಿ ಅದನ್ನು ಹಿಂದೆ ತಿರುಗಿಸಿ ಮೊದಲಿನಿಂದ ಹಾಕಿದ. ಮೊದಲ ಮಾತಿಗೆ ಮುಂಚೆ ಒಂದು ಉಸಿರು ಕೇಳಿಸಿತು. ಸ್ಪಷ್ಟವಾಗಿ, ಹತ್ತಿರದಲ್ಲೇ, ತುಸು ಎಡವಿದಂಥ ಒಂದು ಉಸಿರು.

"ಯಾಕಮ್ಮ ತಗೊಂಡೆ?" ಎಂದರು ಯಾಕೆ ಸರ್.

"ನಾನು ತಗೊಂಡಿಲ್ಲ ಸರ್. ಕಣ್ಣು ಮೇಲೆ ಹೋಗೋ ಹಾಗೆ ತಡ್ಕೊಂಡಿದ್ದೆ."

ಕತ್ತರಿ ಅದನ್ನು ಕತ್ತರಿಸಿದ. ಮತ್ತೆ ಹಾಕಿದ. ಅದು ಮತ್ತೆ ಅಲ್ಲೇ ಇತ್ತು. ಅವನು ಹೆಡ್‌ಫೋನು ಕಳಚಿ ಅದರೊಳಗೆ ಇಣುಕಿ ನೋಡಿ, ಮತ್ತೆ ಹಾಕಿಕೊಂಡ. "ಯಾರೇ ಆಗ್ಲಿ, ಸಿಂಕ್ ಮಾತ್ರ ಚೆನ್ನಾಗಿದೆ" ಎಂದ. ಇದು ಅವನ ಬಾಯಿಂದ ಆ ತಿಂಗಳು ಬಂದ ಅತಿ ಉದ್ದದ ಮಾತು.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವರು ದೀಪ ಆರಿಸಿ ಮನೆಗೆ ಹೋಗುತ್ತಾರೆ. ನಾವು ಒಂಬತ್ತು ಕಂತು ಪತ್ತೇದಾರಿ ಮಾಡಿದವರು. ಮೊದ್ಲು ಬದುಕಿರೋರನ್ನ ವಿಚಾರ್ಸು ಎಂದು ನಾನೇ ಬರೆದಿದ್ದೆನಲ್ಲ, ಬದುಕಿರುವವರ ವಿಚಾರಣೆ ಶುರುವಾಯಿತು.

ಮೊದಲ ಆರೋಪಿ ಏಸಿ. ಅದನ್ನು ನಿಲ್ಲಿಸಿದೆವು. ಸ್ಟುಡಿಯೊ ಬೇಕರಿಯ ಒಲೆಯಾಯಿತು, ಉಸಿರು ನಿಲ್ಲಲಿಲ್ಲ. ಎರಡನೆಯದು ಕೆಳಗಿನ ಕ್ಲಿನಿಕ್ಕು. ನಾನೇ ಇಳಿದು ಹೋಗಿ ನೋಡಿದೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಒಬ್ಬ ಮನುಷ್ಯ ಭಯಕ್ಕೆ ಉಸಿರೇ ಆಡುತ್ತಿರಲಿಲ್ಲ. ಡಾಕ್ಟರು ನನ್ನನ್ನು ನೋಡಿ, "ಮುಂದಿನ ಸರದಿ ನಿಮ್ದಾ?" ಎಂದರು. ಒಂದೇ ಓಟಕ್ಕೆ ಮೇಲೆ ಬಂದೆ.

ಮೂರನೆಯ ಆರೋಪಿ ಯಾಕೆ ಸರ್ ಮೂಗು. ಅದು ಸದಾ ಕಟ್ಟಿರುತ್ತದೆ, ಸಣ್ಣ ಸೀಟಿ ಹೊಡೆಯುತ್ತದೆ. ಅವರನ್ನು ಮೆಟ್ಟಿಲಿಗೆ ಕಳಿಸಿದೆವು. ಬಾಗಿಲು ಮುಚ್ಚುವವರೆಗೂ "ಯಾಕೆ? ಯಾಕೆ?" ಎನ್ನುತ್ತಲೇ ಹೋದರು. ಅವರು ಹೊರಗಿದ್ದಾಗಲೂ ಉಸಿರು ಬಂತು. ಉಳಿದದ್ದು ನಾನು. ಒಂದು ಪೂರ್ತಿ ಟೇಕು ಮುಗಿಯುವ ತನಕ ಬಾಯಿ ಮೂಗು ಎರಡೂ ಒತ್ತಿ ಹಿಡಿದು ಕೂತೆ. ಇನ್ನೊಂದು ಗಳಿಗೆ ಹೋಗಿದ್ದರೆ ಸ್ಟುಡಿಯೊದಲ್ಲಿ ಎರಡನೆಯ ದೆವ್ವಕ್ಕೆ ಜಾಗ ಹುಡುಕಬೇಕಾಗುತ್ತಿತ್ತು. ಕತ್ತರಿ ಹಿಂದೆ ತಿರುಗಿಸಿ ಹಾಕಿದ. ಉಸಿರು ಅಲ್ಲೇ ಇತ್ತು, ಅದೇ ಎಡವು, ಅದೇ ಜಾಗ.

ಆಗ ಗಾಜಿನಾಚೆ ಗುಂಪು ಹೆಡ್‌ಫೋನು ತೆಗೆದು ಕೆಳಗಿಟ್ಟಳು. "ನಿಲ್ಲಿಸಿ. ಅದು ಅಮ್ಮ" ಎಂದಳು.

ಕತ್ತರಿ ನಿಲ್ಲಿಸಿದ.

"ನನಗೆ ಗೊತ್ತಾಗಲ್ವಾ? ಹಾಲು ಉಕ್ಕಿಸಿದ್ರೆ, ಲೇಟಾಗಿ ಬಂದ್ರೆ, ಬಟ್ಟೆ ಮಡಿಸಿದ್ದು ಸೊಟ್ಟ ಆದ್ರೆ, ಬೈತಿರ್ಲಿಲ್ಲ, ಹೀಗೇ ಒಂದು ನಿಟ್ಟುಸಿರು ಬಿಡೋಳು. ಬೈದಿದ್ರೇ ವಾಸಿ ಅನ್ನಿಸೋದು. ಈಗ್ಲೂ ಅದೇ. ನನ್ನ ಕೈಲಿ ಆಗಲ್ಲ ಅಂತ ಹೇಳ್ತಿದಾಳೆ." ಅವಳು ಕೋಣೆಯಿಂದ ಬಂದು ನಮ್ಮನ್ನು ದಾಟಿ ಹೋಗಿ ಮೆಟ್ಟಿಲ ಮೇಲೆ ಯಾಕೆ ಸರ್ ಪಕ್ಕ ಕೂತು ಅಳತೊಡಗಿದಳು. ಯಾಕೆ ಸರ್ ಜೀವನದಲ್ಲಿ ಮೊದಲ ಸಲ ಯಾಕೆ ಎಂದು ಕೇಳಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು, ಅದರ ಸ್ಥಿತಿ ನೋಡಿ, ಮತ್ತೆ ಜೇಬಿಗೇ ಹಾಕಿಕೊಂಡರು.

ನನಗೆ ಸಿಟ್ಟು ಬಂತು. ಸತ್ತ ಮೇಲೂ ಮಗಳ ತಪ್ಪು ಹುಡುಕುವ ಹೆಂಗಸಲ್ಲ ದೊಡ್ಡಮ್ಮ. ಅವಳ ಹಿಂದೆ ಬಾಗಿಲವರೆಗೆ ಹೋಗಿದ್ದ ನಾನು ಒಳಗೆ ಬಂದು ಕತ್ತರಿಯ ಪಕ್ಕ ಕೂತು, "ಇನ್ನೊಂದ್ಸಲ ಹಾಕು. ಮಾತು ಬಿಡು, ಬಾಯಿ ನೋಡ್ತೀನಿ" ಎಂದೆ. ಬಾಯಿ ನೋಡುವುದೇ ನನ್ನ ಕಸುಬು. ಪರದೆಯ ಮೇಲೆ ಅಜ್ಜಿಯ ತುಟಿ ತುಸು ಬಿಚ್ಚಿತು, ಉಸಿರು ಬಂತು, ಆಮೇಲೆ ಮಾತು. ಮತ್ತೆ ತುಟಿ ಬಿಚ್ಚಿತು, ಉಸಿರು, ಮಾತು. ನಾನು ಎದ್ದು ಮೆಟ್ಟಿಲಿಗೆ ಹೋದೆ.

"ಏಳೇ ಹುಚ್ಚಿ. ನಿಟ್ಟುಸಿರು ಯಾವಾಗ ಬಿಡ್ತಾರೆ?"

"ತಪ್ಪು ಮಾಡಿದ್ಮೇಲೆ" ಎಂದಳು ಮೂಗು ಒರೆಸಿಕೊಳ್ಳುತ್ತ.

"ಮಾಡಿದ್ಮೇಲೆ ತಾನೇ? ಇದು ನೀನು ಬಾಯಿ ತೆಗೆಯೋಕ್ಕೆ ಮುಂಚೇನೇ ಬರ್ತಿದೆ. ಇದು ಬಿಡೋ ಉಸಿರಲ್ಲ, ತಗೊಳೋ ಉಸಿರು. ಮಾತಾಡೋಕೆ ಮುಂಚೆ ನಿಮ್ಮಮ್ಮ ತಗೋತಿದ್ರಲ್ಲ, ಅದು. ಇವ್ರು ಕತ್ತರಿಸೋಕೆ ಹೇಳಿದ್ರಲ್ಲ, ಅದು. ನಿನ್ನ ಮಾತಿನ ಮುಂದೆ ಜಾಗ ಖಾಲಿ ಇತ್ತು, ಬಂದು ಕೂತಿದೆ."

ಯಾಕೆ ಸರ್ ಮುಖ ಸಣ್ಣಗಾಯಿತು. ಕತ್ತರಿಸಿದ್ದು ಎಲ್ಲಿಗೆ ಹೋಗತ್ತೆ ನೋಡೋಣ ಎಂದಿದ್ದ ದೊಡ್ಡಮ್ಮನ ಮಾತು ಅವರಿಗೂ ನೆನಪಾಗಿರಬೇಕು. "ಒಂಬತ್ತು ಕಂತಿನ ಉಸಿರು ಅಂದ್ರೆ ಬಹಳ ಆಗತ್ತೆ" ಎಂದು ಗೊಣಗಿದರು. ಆಮೇಲೆ ಎದ್ದು ಒಳಗೆ ಹೋಗಿ ಕತ್ತರಿಗೆ ಹೇಳಿದರು: "ಹಳೇದನ್ನೆಲ್ಲ ವಾಪಸ್ ಹಾಕು. ಮೊದಲ ಕಂತಿಂದ. ನಾನೇನೂ ಹೆದರಿ ಹೇಳ್ತಿಲ್ಲ. ಲಾಜಿಕ್ಕಾಗಿ ಯೋಚ್ನೆ ಮಾಡಿದ್ರೆ, ನಗೋದಕ್ಕೆ ಉಸಿರು ಬೇಕೇ ಬೇಕು."

"ಯಾಕೆ ಸರ್?" ಎಂದ ಕತ್ತರಿ. ನಾನು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕೆ.

ಕತ್ತರಿಗೆ ಎರಡು ದಿನ ಹಿಡಿಯಿತು. ತಾನು ತೆಗೆದದ್ದನ್ನೆಲ್ಲ ತಾನೇ ಸ್ವಸ್ಥಾನಕ್ಕೆ ಸೇರಿಸಿದ. ಮುಗಿದ ಮೇಲೆ ಒಂದನೇ ಕಂತನ್ನು ಹಾಕಿ ಕೇಳಿದೆವು. ಲಿಫ್ಟಿನ ಅಜ್ಜಿ ಉಸಿರು ತೆಗೆದುಕೊಂಡು ಮಾತಾಡಿದಳು, ಉಸಿರು ತೆಗೆದುಕೊಂಡು ನಕ್ಕಳು, ಮತ್ತು ನಾವು ಅಷ್ಟು ದಿನ ಕೇಳಿದ್ದು ಬರೀ ಅವಳ ಅರ್ಧ ಎಂದು ಗೊತ್ತಾಯಿತು. ನನಗೆ ನಾಚಿಕೆಯಾಯಿತು, ಬೇರೆಯವರಿಗೆ ಆಯಿತೋ ಇಲ್ಲವೋ ಕೇಳಲಿಲ್ಲ.

ಆಮೇಲೆ ಗುಂಪನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದೆವು. ಬೇಕಾದಷ್ಟು ಉಸಿರು ತೆಗೆದುಕೊಳ್ಳಲು ಅವಳಿಗೆ ಅಪ್ಪಣೆಯಾಗಿತ್ತು. ಹತ್ತು ಮುಗಿಯಿತು, ಹನ್ನೊಂದು ಮುಗಿಯಿತು. ದನಿ ಬಿಚ್ಚಿಕೊಂಡಿತು, ಚಪ್ಪಲಿ ಕಳ್ಳನನ್ನು ಗದರಿಸುವಾಗ ಕೆಳಗಿನ ಕ್ಲಿನಿಕ್ಕಿನವರೂ ಬೆಚ್ಚಿರಬೇಕು. ಹಿಂದೆ ತಿರುಗಿಸಿ ಕೇಳಿದರೆ ಅವಳ ಉಸಿರು ಬಿಟ್ಟು ಬೇರೆ ಯಾವ ಉಸಿರೂ ಇಲ್ಲ. ಪ್ರತಿ ಸಲವೂ ಗುಂಪು ಹೆಡ್‌ಫೋನು ಒತ್ತಿ ಹಿಡಿದು ಕೇಳುತ್ತಿದ್ದಳು.

"ಹೊರಟೋದ್ಲು ಅನ್ಸತ್ತೆ ಅಕ್ಕ" ಎಂದಳು ಒಂದು ಸಲ. "ನಿಟ್ಟುಸಿರೇ ಆಗಿದ್ರೂ ಪರವಾಗಿರ್ಲಿಲ್ಲ, ಇದ್ದಿದ್ರೆ ಚೆನ್ನಾಗಿತ್ತು."

ನಾನು ಟೀ ಕೊಟ್ಟೆ. ಇಂಥದ್ದಕ್ಕೆ ಸಂಭಾಷಣೆ ಬರೆಯಲು ನನಗೆ ಬರುವುದಿಲ್ಲ.

ಉಳಿದದ್ದು ಹನ್ನೆರಡನೇ ಕಂತಿನ ಕೊನೆಯ ದೃಶ್ಯ. ಅಂದು ಬೆಳಿಗ್ಗೆ ಚಾನೆಲ್ ಮೇಡಂ ತಮ್ಮ ಕಚೇರಿಯಿಂದಲೇ ಕಂಪ್ಯೂಟರಿನಲ್ಲಿ ನೇರವಾಗಿ ಕೇಳಿಸಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಹತ್ತು, ಹನ್ನೊಂದನ್ನು ಕಳಿಸಿದ್ದೆವು; ಅವರು ಹ್ಞೂಂ ಎಂದೂ ಹೇಳಿರಲಿಲ್ಲ, ಉಹ್ಞೂಂ ಎಂದೂ ಹೇಳಿರಲಿಲ್ಲ. "ಕೊನೇ ಸೀನ್ ಕೇಳಿ ಹೇಳ್ತೀನಿ" ಎಂದಿದ್ದರು. ಅಂದರೆ ದೊಡ್ಡಮ್ಮನ ಒಂಬತ್ತು ಕಂತು ಉಳಿಯುವುದೋ ಅಳಿಯುವುದೋ ಇವತ್ತೇ.

ಆ ದೃಶ್ಯ ಹೀಗಿದೆ. ಅಜ್ಜಿಗೆ ತನ್ನ ಸಾವು ನೆನಪಾಗುತ್ತದೆ. ಅವಳ ಮಗಳ ಮನೆ ಮೇಲಿನ ಮಹಡಿಯಲ್ಲಿತ್ತು. ಮಗಳಿಗೆ ಹೇಳಲೆಂದು ಒಂದು ತಮಾಷೆ ನೆನಪಿಟ್ಟುಕೊಂಡು ಲಿಫ್ಟ್ ಹತ್ತಿದವಳು, ದಾರಿಯಲ್ಲಿ ಅದನ್ನು ನೆನೆದು ತಾನೇ ನಕ್ಕು ನಕ್ಕು ಹೋಗಿಬಿಟ್ಟಿದ್ದಳು. ಇಷ್ಟು ವರ್ಷ ಆ ಲಿಫ್ಟು ಮೇಲಿನ ಮಹಡಿಗೆ ಮಾತ್ರ ಹೋಗುತ್ತಿರಲಿಲ್ಲ. ಈಗ ಹೋಗುತ್ತದೆ. ಬಾಗಿಲು ತೆರೆಯುತ್ತದೆ, ಹೊರಗೆ ಬರೀ ಬೆಳಕು. ಅಜ್ಜಿ ತಮಾಷೆ ಹೇಳಲು ಬಾಯಿ ತೆರೆಯುತ್ತಾಳೆ. ಮಾತಿಲ್ಲ. ಒಂದು ಉಸಿರು, ಆಮೇಲೆ ನಗು, ಪರದೆ ಬೆಳ್ಳಗಾಗುತ್ತದೆ. ಆ ತಮಾಷೆ ಏನು ಎಂದು ಸರಣಿ ಕೊನೆಗೂ ಹೇಳುವುದಿಲ್ಲ. ನನಗೆ ಬರೆಯಲು ಏನೂ ಇರಲಿಲ್ಲ, ಸುಮ್ಮನೆ ಸೋಫಾದ ಮೇಲೆ ಕೂತೆ.

ರೆಕಾರ್ಡಿಂಗಿನ ದೀಪ ಕೆಂಪಾಯಿತು. ಲಿಫ್ಟು ಮೇಲೇರಿತು. ಬಾಗಿಲು ತೆರೆಯಿತು. ಗುಂಪು ಕಣ್ಣು ಮುಚ್ಚಿಕೊಂಡಳು. ಡಬ್ಬಿಂಗಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ಬಾಯಿ ನೋಡದೆ ಸಿಂಕ್ ಹೇಗೆ? 'ಸತ್ತೆವು' ಎಂದುಕೊಂಡೆ ನಾನು. ಅವಳ ಎದೆ ಏರಿತು, ಉಸಿರು ತೆಗೆದುಕೊಂಡಳು, ನಕ್ಕಳು. ಹೊಟ್ಟೆಯಾಳದಿಂದ, ಅಮ್ಮನಿಗೆ ಏನೋ ಹೇಳಲು ಹೋಗಿ ತಡೆಯಲಾರದೆ ನಕ್ಕವಳ ನಗು ಅದು. ನಗುವಿನ ಕೊನೆಯಲ್ಲಿ ಅಳು ಬಂದಿತ್ತು, ಅಷ್ಟರಲ್ಲಿ ಪರದೆ ಬೆಳ್ಳಗಾಗಿತ್ತು.

ಕಂಪ್ಯೂಟರಿನಿಂದ ಮೇಡಂ ದನಿ ಬಂತು: "ಚೆನ್ನಾಗಿದೆ. ಒಂದೇ ಒಂದು ತೊಂದ್ರೆ. ನಗೋಕ್ಕೆ ಮುಂಚೆ ಇಬ್ರು ಉಸಿರು ತಗೊಂಡ ಹಾಗೆ ಕೇಳ್ತಿದೆ. ಒಂದನ್ನ ತೆಗೀರಿ."

ಕತ್ತರಿ ಹಿಂದೆ ತಿರುಗಿಸಿ ಹಾಕಿದ. ಹೌದು, ಎರಡಿತ್ತು. ಒಂದರ ಹೆಗಲಿಗೆ ಒಂದು ತಗುಲಿದ ಹಾಗೆ, ಕೂದಲೆಳೆಯಷ್ಟು ಹಿಂದು ಮುಂದು. ಎರಡರಲ್ಲೂ ಅದೇ ಸಣ್ಣ ಎಡವು. ಅವನು ಇನ್ನೊಂದು ಸಲ ಕೇಳಿದ, ಮತ್ತೊಂದು ಸಲ ಕೇಳಿದ. ಬೆರಳು ಗುಂಡಿಯ ಮೇಲೇ ನಿಂತಿತ್ತು.

"ಯಾವ್ದನ್ನ ತೆಗೀಲಿ?" ಎಂದ.

"ಹಳೇ ಆರ್ಟಿಸ್ಟ್‌ದೇನೋ ಸೇರ್ಕೊಂಡಿರ್ಬೇಕು. ಅದನ್ನ ತೆಗೀರಿ" ಎಂದರು ಮೇಡಂ.

"ಯಾವ್ದು ಅವರ್ದು ಅಂತ ಗೊತ್ತಾಗ್ತಿಲ್ಲ ಮೇಡಂ."

ಯಾಕೆ ಸರ್ ಹೆಡ್‌ಫೋನು ಕಸಿದುಕೊಂಡು ಕೇಳಿದರು, ಅವರಿಗೂ ಗೊತ್ತಾಗಲಿಲ್ಲ. ನಾನು ಕೇಳಿದೆ. ಮೇಡಂ ತಾವೇ ಮತ್ತೆ ಮತ್ತೆ ಹಾಕಿಸಿ ಕೇಳಿದರು, ಆ ಚುರುಕು ಕಿವಿಗೂ ತಿಳಿಯಲಿಲ್ಲ. "ನನಗೇ ಬೇರೆ ಮಾಡೋಕಾಗ್ತಿಲ್ಲ ಅಂದ್ಮೇಲೆ ನೋಡೋರಿಗೇನು ಗೊತ್ತಾಗತ್ತೆ" ಎಂದರು ಕೊನೆಗೆ, ಸೋತವರ ದನಿಯಲ್ಲಿ. "ಒಂಬತ್ತೂ ಹಾಗೇ ಇರ್ಲಿ. ಯಾವ್ದನ್ನೂ ಮತ್ತೆ ಮಾಡೋದು ಬೇಡ. ಆದ್ರೆ ಈ ಎರಡು ಉಸಿರಿಗೆ ಜನ ಏನಂದ್ಕೋತಾರೆ?"

"ಲಿಫ್ಟಲ್ಲಿ ಇಬ್ರಿದ್ರು ಅಂದ್ಕೊಳ್ಳಿ" ಎಂದರು ಯಾಕೆ ಸರ್. ಯಾಕೆ ಎಂದು ಯಾರೂ ಕೇಳಲಿಲ್ಲ.

ಗಾಜಿನಾಚೆ ಗುಂಪು ಕೆನ್ನೆ ಒರೆಸಿಕೊಳ್ಳದೆ ನಿಂತಿದ್ದಳು. ಅವಳ ಹೆಡ್‌ಫೋನಿಗೆ ಎಲ್ಲ ಕೇಳಿಸಿತ್ತು. ಮೈಕಿನ ಹತ್ತಿರ ಬಗ್ಗಿ, "ನನಗೂ ಗೊತ್ತಾಗ್ಲಿಲ್ಲ ಅಕ್ಕ, ಯಾವ್ದು ನಂದು ಯಾವ್ದು ಅಮ್ಮಂದು ಅಂತ" ಎಂದಳು. ನಗುತ್ತಿದ್ದಳು. ಆಮೇಲೆ ಕತ್ತರಿಗೆ ಹೇಳಿದಳು:

"ಇನ್ನೊಂದ್ಸಲ ಹಾಕಿ."

ಅವನು ಹಾಕಿದ.